ವಾಗ್ಯಾನ ಉಗುರು ತೆಗೆದ ಶಂಕ್ರೆಪ್ಪ

ನನ್ನ ತಾಯಿಯ ತಂದೆ ಶಂಕ್ರೆಪ್ಪನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಉಗುರುಗಳು ಕಾಣುತ್ತಿದ್ದವು. ನಾವೆಲ್ಲ ಅವನನ್ನು ಮುತ್ಯಾ ಎನ್ನುತ್ತಿದ್ದೆವು. ತಿಕೋಟಾದಲ್ಲಿ ಸಂತೆ ಕೂಡುವ ಬಯಲಿನ ಅಂಚಿಗೆ ಒಂದು ಬೇವಿನ ಮರವಿತ್ತು, ಅದರ ಬುಡವೇ ಅವನ ಕ್ಷೌರದ ಜಾಗ. ಗಿರಾಕಿ ಕೂರಲು ಒಂದು ಮಣೆ, ನೀರಿಗೆ ಹಿತ್ತಾಳೆಯ ಬಟ್ಟಲು, ಯುದ್ಧ ಶುರುವಾಗುವ ಮೊದಲು ಕೊಂಡಿದ್ದ ಒಂದು ಜರ್ಮನ್ ಕತ್ತಿ, ಅದನ್ನು ಮಸೆಯಲು ಚರ್ಮದ ಪಟ್ಟಿ, ಎರಡು ಕತ್ತರಿ, ಉಗುರು ತೆಗೆಯಲು ಒಂದು ಸಣ್ಣ ಉಳಿ. ಇಷ್ಟೇ ಅವನ ಅಂಗಡಿ. ಗಡ್ಡಕ್ಕೆ ನೀರು ಹಚ್ಚುವ ಮೊದಲೇ ಅವನ ಕಣ್ಣು ಗಿರಾಕಿಯ ಪಾದಕ್ಕೆ ಇಳಿದು, ಎಡಗಾಲಿನ ಕಿರುಬೆರಳು ನೋಯುತ್ತದೇನು ಎಂದು ಕೇಳಿಬಿಡುತ್ತಿದ್ದ. ಹೆಚ್ಚಾಗಿ ನೋಯುತ್ತಲೇ ಇರುತ್ತಿತ್ತು. ಮದುವೆಯ ಮನೆಗಳಲ್ಲಿ ಮದುಮಗನ ಉಗುರು ತೆಗೆಯಲು ಕರೆದರೆ, ಮದುಮಗನದು ಮುಗಿಸಿ, ಬೀಗರದು ಮುಗಿಸಿ, ಕೊನೆಗೆ ಅಡುಗೆಯವನ ಕೈ ಹಿಡಿದುಕೊಂಡು ಕುಳಿತಿರುತ್ತಿದ್ದನಂತೆ.

ಈಗ ಹೇಳುವ ಸಂಗತಿ ನಡೆದದ್ದು ಸಾವಿರದ ಒಂಬೈನೂರ ನಲವತ್ತನಾಲ್ಕರ ಸುಮಾರಿಗೆ. ನನಗೆ ಇದನ್ನು ಹೇಳಿದವಳು ಮುತ್ಯಾನ ಹೆಂಡತಿ, ನನ್ನ ಆಯಿ ರುದ್ರವ್ವ. ಮುತ್ಯಾ ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ. ಕೇಳಿದರೆ ನಕ್ಕು, ನಿನ್ನ ಕೈ ತೋರಿಸು ಎನ್ನುತ್ತಿದ್ದ.

ಒಂದು ಸಂತೆಯ ದಿನ ಬಿಸಿಲೇರುವ ಹೊತ್ತಿಗೆ, ಜೈನಾಪುರದ ಕುರಿಗಾರ ಅಮೋಘಿ ಹೆಗಲ ಮೇಲೆ ಒಂದು ನಾಯಿಯನ್ನು ಹೊತ್ತುಕೊಂಡು ಬಂದ. ಎಳೆಗುರಿಯನ್ನು ಹೊರುವ ಹಾಗೆ, ಮುಂಗಾಲು ಒಂದು ಕಡೆ ಹಿಂಗಾಲು ಒಂದು ಕಡೆ ಹಿಡಿದಿದ್ದ. ಉದ್ದ ಕಾಲಿನ, ಚೂಪು ಮೋರೆಯ ಬೇಟೆಜಾತಿಯ ನಾಯಿ. ಮೂತಿಯೆಲ್ಲ ಬೆಳ್ಳಗಾಗಿತ್ತು. ಹೆಸರು ವಾಗ್ಯಾ. ಬಬಲೇಶ್ವರದ ಆಚೆಯ ಅಡವಿಯಲ್ಲಿ ಹನ್ನೆರಡು ವರ್ಷ ಅಮೋಘಿಯ ಕುರಿಗಳನ್ನು ತೋಳದಿಂದ ಕಾಯ್ದ ಪ್ರಾಣಿ ಅದು. ಅಮೋಘಿ ನಸುಕಿನಲ್ಲಿ ಹೊರಟವನು ದಾರಿಯುದ್ದಕ್ಕೂ ಅದನ್ನು ಕೆಳಗಿಳಿಸಿರಲಿಲ್ಲ. ಇಳಿಸಿದರೆ ಅದಕ್ಕೆ ಕಾಲೂರಿ ನಿಲ್ಲಲು ಆಗುತ್ತಿರಲಿಲ್ಲ.

ಅವನು ಬಂದದ್ದು ಮುತ್ಯಾನ ಹತ್ತಿರ ಅಲ್ಲ. ಬೇವಿನ ಮರದ ಆಚೆ ಮಗ್ಗುಲಿಗೆ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಕಟ್ಟುವವನು ಕೂರುತ್ತಿದ್ದ. ಗೊರಸು ಕೆತ್ತುವವನಿಗೆ ಉಗುರೂ ಬಂದೀತು ಎಂದು ಅಮೋಘಿಯ ಲೆಕ್ಕ. ಆದರೆ ನಾಲಿನವನು ನಾಯಿಯ ಕಾಲನ್ನೂ ತನ್ನ ಇಕ್ಕಳವನ್ನೂ ನೋಡಿ ತಲೆಯಾಡಿಸಿದ. ಎತ್ತಿನ ಗೊರಸಿಗೆ ಮಾಡಿದ ಇಕ್ಕಳ ಇದು, ಇದರಿಂದ ಹಿಡಿದರೆ ಉಗುರಲ್ಲ, ಬೆರಳೇ ಬರುತ್ತದೆ ಎಂದು ಹೇಳಿದ. ಅಮೋಘಿ ನಾಯಿಯನ್ನು ಕಂಬಳಿಯ ಮೇಲೆ ಮಲಗಿಸಿ, ಮುಂದೇನು ಮಾಡುವುದು ತಿಳಿಯದೆ ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತ.

ಮುತ್ಯಾ ಆಗ ಒಬ್ಬನ ತಲೆ ಬೋಳಿಸುತ್ತಿದ್ದ. ಕಣ್ಣು ಮಾತ್ರ ಕಂಬಳಿಯ ಮೇಲಿತ್ತು. ತಲೆ ಮುಗಿದ ಕೂಡಲೇ ಎದ್ದು ಹೋಗಿ, ನಾಯಿಯ ಮುಂಗಾಲನ್ನು ಮುಟ್ಟದೆ, ಬಗ್ಗಿ ನೋಡಿದ.

"ಯಾವಾಗಿಂದ ಅಡವಿಗೆ ಹೋಗೂದು ಬಿಟ್ಟೈತಿ?" ಎಂದು ಕೇಳಿದ.

"ದೀಪಾವಳಿ ಆದಾಗಿಂದ ಹಟ್ಟಿ ಬಿಟ್ಟು ಎದ್ದಿಲ್ರಿ ಯಣ್ಣಾ. ವಯಸ್ಸಾತು ಅಂತ ನಾವೂ ಸುಮ್ಮನಿದ್ವಿ. ಈಗ ನೋಡಿದ್ರ ಉಗುರು ಕಾಲಾಗ ಹೊಕ್ಕೈತಿ."

ಸಂಗತಿ ಏನೆಂದು ಮುತ್ಯಾನಿಗೆ ಒಂದೇ ನೋಟಕ್ಕೆ ತಿಳಿಯಿತು. ಕಲ್ಲುನೆಲದಲ್ಲಿ ಓಡಾಡುವ ನಾಯಿಯ ಉಗುರು ತಾನಾಗಿ ಸವೆಯುತ್ತದೆ. ಮಲಗಿದ ನಾಯಿಯದು ಬೆಳೆಯುತ್ತಲೇ ಹೋಗುತ್ತದೆ. ಅದರಲ್ಲೂ ಮುಂಗಾಲಿನ ಒಳಮಗ್ಗುಲಿಗೆ, ಸ್ವಲ್ಪ ಮೇಲೆ, ನೆಲಕ್ಕೆ ತಾಗದ ಹೆಬ್ಬೆರಳೊಂದಿರುತ್ತದೆ. ವಾಗ್ಯಾನ ಆ ಬೆರಳಿನ ಉಗುರು ಉಂಗುರದಂತೆ ಸುತ್ತಿ ತುದಿ ಮಾಂಸದೊಳಗೆ ಇಳಿದಿತ್ತು. ಉಳಿದ ಉಗುರುಗಳು ಉದ್ದವಾಗಿ ಬೆರಳನ್ನೇ ಓರೆ ಮಾಡಿದ್ದವು. ಬೆರಳ ಸಂದಿಯ ಕೂದಲು ಕೆಸರು ಮತ್ತು ನೆಗ್ಗಿಲ ಮುಳ್ಳು ಕೂಡಿ ಗಟ್ಟಿ ಗಂಟಾಗಿತ್ತು. ಅಂಗಾಲು ಬೇಸಿಗೆಯ ಕರಿನೆಲದಂತೆ ಬಿರಿದಿತ್ತು.

ಮುತ್ಯಾ ಹಿತ್ತಾಳೆಯ ಬಟ್ಟಲು ಬಿಟ್ಟು, ನಾಲಿನವನ ಹತ್ತಿರ ಅಗಲ ಬಾಯಿಯ ಒಂದು ಮಣ್ಣಿನ ಪರಿಯಾಣ ಇಸಿದುಕೊಂಡ. ಚಹದಂಗಡಿಯಿಂದ ಬೆಚ್ಚನೆಯ ನೀರು ತರಿಸಿ, ಚಿಟಿಕೆ ಉಪ್ಪು ಹಾಕಿ, ವಾಗ್ಯಾನ ಕಾಲನ್ನು ಅದರಲ್ಲಿ ಇಡಿಸಿದ. ಅಮೋಘಿಗೆ ನಾಯಿಯ ಕಿವಿಯ ಬುಡ ಕೆರೆಯುತ್ತ ಕೂರಲು ಹೇಳಿದ. ಗಟ್ಟಿಯಾಗಿ ಹಿಡಿಯಬೇಡ, ಹಿಡಿದರೆ ಹೆದರುತ್ತದೆ, ಹಳೆಯ ಕೀಲು, ಕಾಲನ್ನು ಮೇಲೆತ್ತಲೂ ಬೇಡ, ಅದು ಮಲಗಿದ ಹಾಗೆಯೇ ಇರಲಿ, ನಾನೇ ಬಗ್ಗುತ್ತೇನೆ ಎಂದ. ಆಮೇಲೆ ಉಳಿಯನ್ನು ಅದರ ಮೂಗಿನ ಮುಂದೆ ಹಿಡಿದ. ವಾಗ್ಯಾ ಮೂಸಿತು, ಸೀನಿತು, ತಲೆ ಕೆಳಗಿಟ್ಟಿತು.

ಮೊದಲು ಕತ್ತರಿಯ ತುದಿಯಿಂದ ಸಂದಿಯ ಕೂದಲು ಬಿಡಿಸಿದ. ಮುಳ್ಳುಗಳನ್ನು ಒಂದೊಂದಾಗಿ ಆಯ್ದು ತೆಗೆದ. ನೆನೆದು ಮೆತ್ತಗಾದ ಉಗುರನ್ನು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಹೆರೆಯತೊಡಗಿದ. ಕರಿ ಉಗುರು ಅದು, ಒಳಗಿನ ಜೀವ ಎಲ್ಲಿಯವರೆಗೆ ಬಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಪ್ರತಿ ಸಲ ಹೆರೆದು ಕೊಯ್ದ ಮುಖವನ್ನು ನೋಡುತ್ತಿದ್ದ. ನಡುವೆ ಮಸುಕಾದ ಒಂದು ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಎರಡು ಉಗುರು ಮುಗಿದರೆ ನಾಯಿಗೆ ವಿಶ್ರಾಂತಿ, ಅಮೋಘಿಯ ಗಂಟಿನಿಂದ ಒಂದು ತುಣುಕು ರೊಟ್ಟಿ. ಸುತ್ತಿಕೊಂಡ ಉಗುರಿನ ಹತ್ತಿರ ಬಂದಾಗ ಮುತ್ಯಾನ ಹಣೆ ಬೆವರಿತ್ತು. ಅದನ್ನು ನಡುವೆ ಕೊಯ್ದು, ಒಳಗೆ ಇಳಿದ ತುದಿಯನ್ನು ಮೆಲ್ಲಗೆ ಹಿಂದಕ್ಕೆಳೆದಾಗ ನಾಯಿ ಒಮ್ಮೆ ಕುಂಯ್ ಎಂದಿತು. ರಕ್ತ ಹನಿಯಿತು. ಗಡ್ಡ ಕೆರೆಯುವಾಗ ಗೀರಾದರೆ ಒತ್ತುವ ಪಟಿಕದ ಹರಳನ್ನು ಪುಡಿ ಮಾಡಿ ಒತ್ತಿದ. ರಕ್ತ ನಿಂತಿತು. ಕೊನೆಗೆ ಸಂದಿಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಬಿರಿದ ಅಂಗಾಲಿಗೆ ಔಡಲೆಣ್ಣೆ ತಿಕ್ಕಿದ.

ಇದೆಲ್ಲ ನಡೆಯುತ್ತಿದ್ದಾಗ ಬಸಗೊಂಡಪ್ಪ ಗೌಡರು ಬಂದು ನಿಂತಿದ್ದರು. ಪ್ರತಿ ಸಂತೆಯ ದಿನ ಅವರು ಮುಖಕ್ಷೌರ ಮಾಡಿಸಿ, ಕೈಕಾಲಿನ ಉಗುರು ತೆಗೆಸುತ್ತಿದ್ದರು. ಮಣೆ ಖಾಲಿಯಿತ್ತು, ಅವರು ಕೂರಲಿಲ್ಲ. ಮುತ್ಯಾ ಉಳಿ ತೊಳೆದು ತಿರುಗಿದಾಗ, ಇದೇ ಉಳಿಯಿಂದ ನನ್ನ ಉಗುರು ತೆಗೆಯುವವನೇನು ಎಂದು ಕೇಳಿದರು. ಕುದಿಯುವ ನೀರಲ್ಲಿ ಅದ್ದಿ ತೆಗೆಯುತ್ತೇನೆ ಎಂದು ಮುತ್ಯಾ ಹೇಳಿದ. ಗೌಡರು ತಲೆಯ ಪಟಕಾದ ಚುಂಗು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರ ಹಿಂದೆ ಕಾದಿದ್ದ ಇಬ್ಬರೂ ಎದ್ದರು.

ಸಂಜೆಯ ಹೊತ್ತಿಗೆ ತಿಕೋಟಾದ ಪ್ರತಿ ಕಟ್ಟೆಯಲ್ಲೂ ಶಂಕ್ರೆಪ್ಪ ನಾಯಿಯ ಕ್ಷೌರ ಮಾಡಿದ ಸುದ್ದಿ ಹಬ್ಬಿತ್ತು. ಕೇಳಿದವರು ಒಂದಿಷ್ಟು ಸೇರಿಸುತ್ತಲೇ ಹೋದರು. ಮರುದಿನದ ಹೊತ್ತಿಗೆ, ಅವನು ನಾಯಿಗೆ ಸಾಬೂನು ಹಚ್ಚಿ ಮೀಸೆ ಕತ್ತರಿಸಿದ್ದನ್ನು ಕಣ್ಣಾರೆ ಕಂಡವರೇ ಮೂವರಿದ್ದರು. ಸಾಲಿಯ ಮಾಸ್ತರ ಬಸಲಿಂಗಯ್ಯನವರು ಕ್ಷೌರಕ್ಕೆಂದೇ ಬಬಲೇಶ್ವರದ ಕಡೆ ಹೋಗುವ ಗಾಡಿ ಹತ್ತಿದರು. ಮಣೆಯ ಮೇಲೆ ಬೇವಿನ ಎಲೆ ಉದುರಿ ಬೀಳುತ್ತಿತ್ತು, ಮುತ್ಯಾ ಅದನ್ನು ಒರೆಸಿ ಮತ್ತೆ ಕೂರುತ್ತಿದ್ದ.

ಆಯಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ. ಮೊದಲು ಗಂಡನನ್ನೇ ಅಂದಳು. ಸಂತೆಯ ನಡುವೆ, ಎಲ್ಲರ ಕಣ್ಣೆದುರಿಗೆ ಮಾಡುವ ಕೆಲಸವೇ ಅದು ಎಂದಳು. ಮುತ್ಯಾ ಊಟದ ತಾಟನ್ನು ಹತ್ತಿರಕ್ಕೆ ಎಳೆದುಕೊಂಡು, "ಅದು ನಿಂದ್ರಾಕೂ ಆಗದ ಬಿದ್ದಿತ್ತು ರುದ್ರವ್ವ. ನನ್ನ ಕೈಯಾಗ ಉಳಿ ಇತ್ತು" ಎಂದ. ಅವಳು ನುಚ್ಚಿಗೆ ಮಜ್ಜಿಗೆ ಹಾಕುವಾಗ ಸೌಟು ಸ್ವಲ್ಪ ಜೋರಾಗಿಯೇ ಕುಟ್ಟಿದಳಂತೆ.

ಮೂರನೆಯ ಸಂತೆಯ ದಿನ ಅಮೋಘಿ ಮತ್ತೆ ಬಂದ. ಈ ಸಲ ಹೆಗಲು ಖಾಲಿಯಿತ್ತು. ಅರ್ಧ ದಾರಿ ಗೆಳೆಯನ ಗಾಡಿಯಲ್ಲಿ ಕೂತು ಬಂದ ವಾಗ್ಯಾ, ಊರ ಹೊರಗೆ ಇಳಿದು, ಸಂತೆಯ ನಡುವಿನಿಂದ ನಾಲ್ಕೂ ಕಾಲೂರಿ ನಡೆದುಕೊಂಡು ಬಂದಿತು. ವೇಗವಿಲ್ಲ, ಆದರೆ ಕುಂಟಿಲ್ಲ. ಮಣೆಯ ಹತ್ತಿರ ಬಂದು ಅದರ ಮೇಲೇ ಮಲಗಿಬಿಟ್ಟಿತು. ಗಿರಾಕಿಯೇ ಇಲ್ಲದ ಮಣೆ, ಮುತ್ಯಾ ಎಬ್ಬಿಸಲಿಲ್ಲ. ಅಂದು ಆಯಿ ಅವನಿಗೆ ಬುತ್ತಿ ತಂದಿದ್ದಳು. ನಾಯಿ ನಡೆದು ಬಂದದ್ದನ್ನು ಅವಳು ಅಲ್ಲೇ ನಿಂತು ನೋಡಿದಳು. ಅಮೋಘಿ ಅವಳಿಗೆ ಕೈಮುಗಿದು, ಹಟ್ಟಿಯಲ್ಲಿ ಇನ್ನೂ ನಾಲ್ಕು ಮುದಿನಾಯಿ ಇವೆ, ಅವುಗಳ ಕಾಲೂ ಇದೇ ಪಾಡು, ಅಣ್ಣನವರನ್ನು ಒಮ್ಮೆ ಕಳಿಸಬೇಕು ಎಂದು ಕೇಳಿಕೊಂಡ.

ಆಯಿಯ ಸಿಟ್ಟಿಗೆ ಆಗ ಸರಿಯಾದ ದಾರಿ ಸಿಕ್ಕಿತು. ಬುತ್ತಿ ಬಿಚ್ಚಿಟ್ಟು ಗಂಡನಿಗೆ ಹೇಳಿದಳು: "ಮಂದಿ ಅಂದದ್ದರಾಗ ಒಂದು ಮಾತು ಖರೆ ಐತ್ರಿ. ನಾಯಿಗೊಂದು ಸಾಮಾನು, ಮಂದಿಗೊಂದು ಸಾಮಾನು ಬ್ಯಾರೆ ಇರಬೇಕು. ವಿಜಾಪುರಕ್ಕ ಹೋಗಿ ಮಾಡಿಸ್ಕೊಂಡು ಬರ್ರಿ. ಉಗುರು ತೆಗಿಯೂದು ಮಾತ್ರ ಬಿಡಬ್ಯಾಡ್ರಿ."

ಎರಡು ದಿನ ಬಿಟ್ಟು ಮುತ್ಯಾ ಹೊರಟ. ಇಟ್ಟಂಗಿಹಾಳದವರ ಬದನೆಕಾಯಿಯ ಗಾಡಿಯಲ್ಲಿ ಬುಟ್ಟಿಗಳ ನಡುವೆ ಜಾಗ ಸಿಕ್ಕಿತು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಕಮ್ಮಾರರ ಸಾಲು ಇತ್ತು. ಯುದ್ಧದ ಕಾಲ, ಹೊಸ ಕಬ್ಬಿಣ ಕಣ್ಣಿಗೆ ಬೀಳುತ್ತಿರಲಿಲ್ಲ. ನಾಯಿಯ ಉಗುರಿಗೆ ಸಾಮಾನು ಬೇಕೆಂದಾಗ ಇಬ್ಬರು ನಕ್ಕು ಕಳಿಸಿದರು. ಮೂರನೆಯದು ಪೀರಾಂಬಿಯ ಸಾಣೆ. ಗಂಡ ತೀರಿದ ಮೇಲೆ ಕತ್ತರಿ, ಚೂರಿ, ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತ, ಸಣ್ಣಪುಟ್ಟ ಕಬ್ಬಿಣದ ಕೆಲಸವನ್ನೂ ತಾನೇ ಮಾಡುತ್ತ ಇದ್ದ ಗಟ್ಟಿ ಹೆಂಗಸು. ಮುತ್ಯಾನ ಕತ್ತರಿಗಳನ್ನು ಅವಳೇ ವರ್ಷಗಳಿಂದ ಹರಿತ ಮಾಡಿಕೊಡುತ್ತಿದ್ದಳು.

ಅವಳೂ ನಕ್ಕಳು. ಆದರೆ ನಕ್ಕು ಮುಗಿದ ಮೇಲೆ, ಉಗುರು ಎಷ್ಟು ದಪ್ಪ ಎಂದು ಕೇಳಿದಳು. ಮುತ್ಯಾ ಅಂಗಿಯ ಕಿಸೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ವಾಗ್ಯಾನ ಉಂಗುರದಂಥ ಉಗುರಿನ ತುಂಡು ಅದರಲ್ಲಿತ್ತು. ಪೀರಾಂಬಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಉಳಿಯಲ್ಲಿ ಒಂದೇ ಕಡೆಯಿಂದ ದೂಡುತ್ತೀಯ, ಅದಕ್ಕೇ ಪ್ರಾಣಿಗೆ ನೋವು, ಎರಡೂ ಕಡೆಯಿಂದ ಕೂಡಿ ಕೊಯ್ಯುವಂಥದು ಬೇಕು ಎಂದಳು. ಮೋಟಾರು ಗಾಡಿಯ ಮುರಿದ ಉಕ್ಕಿನ ಪಟ್ಟಿಯ ತುಂಡೊಂದನ್ನು ಕುಲುಮೆಗೆ ಹಾಕಿ, ಮಧ್ಯಾಹ್ನದ ಹೊತ್ತಿಗೆ ಅಂಗೈಯಷ್ಟು ಉದ್ದದ ಒಂದು ಇಕ್ಕಳ ಮಾಡಿ ಮುಗಿಸಿದಳು. ಅದರ ಬಾಯಲ್ಲಿ ಉಗುರು ಕೂರಲು ಅರ್ಧಚಂದ್ರದಂತೆ ಕಚ್ಚು ಮಾಡಿದ್ದಳು. ಹಿಡಿಗೆ ಕೆಂಪು ದಾರ ಸುತ್ತಿ ಕೊಟ್ಟಳು, ಬೇರೆ ಸಾಮಾನಿನೊಂದಿಗೆ ಬೆರೆಯದಿರಲಿ ಎಂದು. ಮುತ್ಯಾ ಅಲ್ಲೇ ತನ್ನ ಕಿರುಬೆರಳಿನ ಉಗುರಿನ ಮೇಲೆ ಪರೀಕ್ಷೆ ಮಾಡಿದ. ಕಚಕ್ ಎಂದು ಒಂದೇ ಸಲಕ್ಕೆ ಬಂತು. ಆ ಸಪ್ಪಳಕ್ಕೆ ಅವನು ಎಷ್ಟು ಖುಷಿಪಟ್ಟನೆಂದರೆ, ಉಳಿದ ಒಂಬತ್ತನ್ನೂ ತೆಗೆದುಕೊಂಡೇ ಎದ್ದನಂತೆ.

ಮುಂದಿನ ಅಮಾವಾಸ್ಯೆಗೆ ಮುತ್ಯಾ ಜೈನಾಪುರದ ಹಟ್ಟಿಗೆ ಹೋಗಿ ನಾಲ್ಕು ಮುದಿನಾಯಿಗಳ ಹದಿನಾರು ಕಾಲು ಮುಗಿಸಿ ಬಂದ. ಅಲ್ಲಿಂದ ಬೇರೆ ಹಟ್ಟಿಗಳಿಗೂ ಕರೆ ಬಂತು. ತಿಕೋಟಾದಲ್ಲಿ ಮಾತ್ರ ಮಣೆ ಖಾಲಿಯೇ. ಬೇವಿನ ಕೊಂಬೆಗೆ ಎರಡು ಚೀಲ ತೂಗುಹಾಕಿ, ಇದು ಮಂದಿಯದು, ಇದು ನಾಯಿಯದು ಎಂದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದ. ನೋಡಿದವರು ತಲೆದೂಗುತ್ತಿದ್ದರು, ಕೂರುತ್ತಿರಲಿಲ್ಲ. ಗೌಡರು ಕೂತ ಮೇಲೆ ನೋಡೋಣ ಎಂಬುದು ಎಲ್ಲರ ಮನಸ್ಸಿನಲ್ಲಿತ್ತು.

ಗೌಡರು ಸಂತೆಯವರೆಗೆ ನಡೆದು ಬರುವ ಸ್ಥಿತಿಯಲ್ಲೇ ಇರಲಿಲ್ಲ. ಉಗುರು ತೆಗೆಸದೆ ಎರಡು ತಿಂಗಳಾಗಿತ್ತು. ಅವರ ಬಲಗಾಲಿನ ಹೆಬ್ಬೆರಳಿನ ಉಗುರು ಮೊದಲೇ ದಪ್ಪ, ಅಂಚು ಒಳಗೆ ಹೊರಳುವ ಜಾತಿಯದು. ಮನೆಯ ಚೂರಿಯಿಂದ ತಾವೇ ಕೆತ್ತಿಕೊಂಡು ಕೆಡಿಸಿದ್ದರು. ಬೆರಳು ಬಾತು, ಚಪ್ಪಲಿ ಮೆಟ್ಟಲು ಬಾರದೆ, ಹೊಲಕ್ಕೂ ಹೋಗದೆ ಪಡಸಾಲೆಯಲ್ಲಿ ಕುಳಿತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಆಳಿನ ಕೈಯಲ್ಲಿ ಹೇಳಿಕಳಿಸಿದರು, ಹಿತ್ತಲ ಬಾಗಿಲಿನಿಂದ ಬಾ ಎಂದು.

ಮುತ್ಯಾ ಮಂದಿಯ ಚೀಲ ಹಿಡಿದುಕೊಂಡು ಹೋದ. ಬೆಚ್ಚನೆಯ ಉಪ್ಪುನೀರು ತರಿಸಿ, ಗೌಡರ ಕಾಲನ್ನು ನೆನೆಹಾಕಿಸಿ, ಉಳಿ ಹಚ್ಚಿ ನೋಡಿದ. ಉಳಿ ಒತ್ತಿದ ಕೂಡಲೇ ಗೌಡರು ಕಂಬ ಹಿಡಿದುಕೊಂಡರು. ಎರಡು ಸಲ ನೋಡಿ ಮುತ್ಯಾ ಕೈಬಿಟ್ಟ. ಇದಕ್ಕೆ ಒಂದು ಸಾಮಾನು ಇದೆ, ಆದರೆ ಅದು ಆ ಇನ್ನೊಂದು ಚೀಲದಲ್ಲಿದೆ, ನಾಳೆ ವಿಜಾಪುರಕ್ಕೆ ಹೋಗಿ ಅಂಥದೇ ಹೊಸದು ಮಾಡಿಸಿ ತರುತ್ತೇನೆ, ಎರಡು ದಿನ ತಾಳಿರಿ ಎಂದ.

ಗೌಡರು ಬೆರಳನ್ನೇ ನೋಡುತ್ತ ಕುಳಿತರು. ಆಮೇಲೆ ಕೇಳಿದರು:

"ಆ ಕುರಬರ ನಾಯಿ ನಡೀತೇನು?"

"ನಡೀತ್ರಿ. ಮೊನ್ನಿ ಹಟ್ಟಿ ಮುಂದ ಬೆಕ್ಕಿನ ಬೆನ್ನಹತ್ತಿತ್ತ್ರಿ."

"ಹಂಗಾರ ತಗೊಂಡ ಬಾ. ಕುದಿಯೋ ನೀರಾಗ ಹಾಕು, ಒಂದಲ್ಲ, ಎರಡು ಸಲ ಹಾಕು."

ಆಳು ಹೋಗಿ ಹೇಳಿದ ಮೇಲೆ ಆಯಿಯೇ ನಾಯಿಯ ಚೀಲ ತಂದುಕೊಟ್ಟಳು. ಗೌಡರ ಮನೆಯಾಕೆ ಕಾಳವ್ವ ಒಲೆಯ ಮೇಲಿನ ಚರಿಗೆಯಲ್ಲಿ ಇಕ್ಕಳವನ್ನು ತಾನೇ ಮೂರು ಸಲ ಕುದಿಸಿದಳು. ಅದರ ಕೆಂಪು ದಾರ ಬಿಚ್ಚಿ ಬಿಸಾಕಿ, ತನ್ನ ಹಸಿರು ಸೀರೆಯ ಅಂಚಿನಿಂದ ಒಂದು ಎಳೆ ತೆಗೆದು ಸುತ್ತಿದಳು. ಮುತ್ಯಾ ಉಗುರಿನ ಮೂಲೆಯನ್ನು ಸ್ವಲ್ಪ ಸ್ವಲ್ಪವೇ ಕೊಯ್ದು, ಒಳಗೆ ಹೊರಳಿದ ಚೂರನ್ನು ಎತ್ತಿ ತೆಗೆದ. ಗೌಡರು ಕಣ್ಣು ಮುಚ್ಚಿದ್ದರು. ಮುಗಿದಿದೆ ಎಂದಾಗ ನಂಬಲಿಲ್ಲ. ಬೆರಳನ್ನು ಮುಟ್ಟಿ ನೋಡಿ, ಎದ್ದು ಹಿತ್ತಲಿನ ಬಾವಿಯವರೆಗೆ ಹೋಗಿ ಬಂದರು.

ಈ ಮಾತನ್ನು ಮುತ್ಯಾ ಯಾರಿಗೂ ಹೇಳಲಿಲ್ಲ. ಹೇಳಿದವರು ಗೌಡರೇ. ಅವರ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ. ಮುಂದಿನ ಸಂತೆಯ ದಿನ ಬೇವಿನ ಬುಡಕ್ಕೆ ಬಂದು, ಮಣೆಯ ಮೇಲೆ ಕುಳಿತು, ಕಾಲು ಮುಂದೆ ಚಾಚಿ, ನಾಲ್ಕು ಮಂದಿಗೆ ಕೇಳುವಂತೆ ಇಡೀ ಕಥೆ ಹೇಳಿದರು. ಕಂಬ ಹಿಡಿದುಕೊಂಡದ್ದನ್ನೂ ಬಿಡಲಿಲ್ಲ. ಮೊದಲು ಯಾರೂ ನಗಲಿಲ್ಲ, ಗೌಡರೇ ನಕ್ಕ ಮೇಲೆ ಎಲ್ಲರೂ ನಕ್ಕರು. ಅಂದು ಕತ್ತಲಾಗುವವರೆಗೂ ಮುತ್ಯಾ ಬೆನ್ನು ನೆಟ್ಟಗೆ ಮಾಡಲಿಲ್ಲ. ಮಾಸ್ತರ ಬಸಲಿಂಗಯ್ಯನವರು ಮಾತ್ರ ಕೊನೆಯವರೆಗೂ ಬಬಲೇಶ್ವರದ ಕಡೆಗೇ ಹೋದರು. ಅವರಿಗೆ ಅಲ್ಲಿಯ ಚಹ ಸೇರಿತ್ತು ಎಂದು ಆಯಿ ಹೇಳುತ್ತಿದ್ದಳು. ಎರಡೂ ಚೀಲಕ್ಕೆ ಒಂದೊಂದಾಗುವಂತೆ ಪೀರಾಂಬಿಯಿಂದ ಎರಡನೆಯ ಇಕ್ಕಳವೂ ಬಂತು.

ಮುಂದೆ ಮೂರು ವರ್ಷ ಪ್ರತಿ ಅಮಾವಾಸ್ಯೆಗೆ ಮುತ್ಯಾ ಜೈನಾಪುರಕ್ಕೆ ಹೋಗುತ್ತಿದ್ದ. ವಾಗ್ಯಾನಿಗೆ ಅವನ ನಡಿಗೆಯ ಸಪ್ಪಳ ಗೊತ್ತಾಗಿ, ಅವನು ಹಟ್ಟಿಯ ಬೇಲಿ ದಾಟುವ ಮೊದಲೇ ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿ ಕಾಲು ಚಾಚುತ್ತಿತ್ತು. ದಿನಕ್ಕೆ ಎರಡು ಹೊತ್ತು ಅದನ್ನು ಕಲ್ಲಿನ ಮೊರಡಿಯ ನೆಲದಲ್ಲಿ ನಿಧಾನವಾಗಿ ಅಡ್ಡಾಡಿಸಿರಿ, ಉಗುರು ತಾನಾಗಿ ಸವೆಯುತ್ತದೆ, ಮಳೆಗಾಲದಲ್ಲಿ ಬೆರಳ ಸಂದಿ ಒರೆಸದೆ ಮಲಗಿಸಬೇಡಿರಿ ಎಂದು ಅವನು ಹೇಳಿದ್ದನ್ನು ಅಮೋಘಿಯ ಹೆಂಡತಿ ಹೊಳೆವ್ವ ತಪ್ಪದೆ ಮಾಡುತ್ತಿದ್ದಳು.

ಒಂದು ಅಮಾವಾಸ್ಯೆಯ ದಿನ ಮುತ್ಯಾ ಚೀಲ ಬಿಚ್ಚುವಷ್ಟರಲ್ಲಿ ಹೊಳೆವ್ವ ಕೈಚಾಚಿ ಇಕ್ಕಳ ಇಸಿದುಕೊಂಡಳು. ಇವತ್ತು ನಾನು ಮಾಡಿ ನೋಡುತ್ತೇನೆ ಎಂದಳು. ಮುತ್ಯಾ ಪಕ್ಕದಲ್ಲಿ ಕುಳಿತ. ತೆಳ್ಳಗೆ, ಇನ್ನೂ ತೆಳ್ಳಗೆ, ಈಗ ಕೊಯ್ದ ಮುಖ ನೋಡು, ಚುಕ್ಕೆ ಬಂತೇನು ಎನ್ನುತ್ತ ಎರಡು ಕಾಲು ಮುಗಿಯುವವರೆಗೂ ಬಾಯಿ ಮುಚ್ಚಲಿಲ್ಲ. ಮೂರನೆಯ ಕಾಲಿಗೆ ಬಂದಾಗ ಅವಳು ತಲೆಯೆತ್ತದೆ ಹೇಳಿದಳು:

"ಯಣ್ಣಾ, ರೊಟ್ಟಿ ಆರಾಕತ್ತಾವು. ನೀವು ಉಣ್ರಿ. ನಾಯಿ ಮಲಗೈತಿ, ನಿಮ್ಮ ಮಾತಿಗೇ ಎದ್ದೀತು."

ಮುತ್ಯಾ ನೋಡಿದ. ವಾಗ್ಯಾ ನಿಜಕ್ಕೂ ನಿದ್ದೆ ಹೋಗಿತ್ತು. ಹೊಟ್ಟೆ ನಿಧಾನವಾಗಿ ಏರಿಳಿಯುತ್ತಿತ್ತು. ಹೊಳೆವ್ವನ ಮಡಿಲಲ್ಲಿದ್ದ ಕಾಲು ಸಡಿಲವಾಗಿ ಬಿದ್ದಿತ್ತು. ಅವನು ಮೆಲ್ಲಗೆ ಎದ್ದು, ಸಜ್ಜೆಯ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು, ಬೇಲಿಯ ನೆರಳಿಗೆ ಹೋಗಿ ಕುಳಿತು ಊಟ ಮಾಡಿದ. ಬಿಡುವಾಗಿ ಕುಳಿತು ಬೇರೆಯವರು ಉಗುರು ತೆಗೆಯುವುದನ್ನು ನೋಡಿದ್ದು ತನ್ನ ಜನ್ಮದಲ್ಲಿ ಅದೇ ಮೊದಲು ಎಂದು, ಮನೆಗೆ ಬಂದವನೇ ಆಯಿಯ ಮುಂದೆ ಹೇಳಿದನಂತೆ.